ಅಪ್‌ಡೇಟ್: ನಾನು ಬದಲಾಗಿದ್ದೇನಾ ಅಂತ ಕೇಳಿದ್ದೆನಲ್ಲ

ಮೂರು ವಾರದ ಹಿಂದೆ ಕೇಳಿದ್ದೆ, ನೆನಪಿದೆಯಾ? ಯಾರಿಗೂ 'ಆಗಲ್ಲ' ಅನ್ನಲು ಬಾರದ ಸ್ವಭಾವವನ್ನು ತಿದ್ದಿಕೊಳ್ಳಲು ಎರಡು ವರ್ಷದಿಂದ ಒದ್ದಾಡುತ್ತಿದ್ದೇನೆ, ಬದಲಾವಣೆ ಆಗಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ ಅಂತ.

ದಿನಾ ರಾತ್ರಿ ನನಗೆ ನಾನೇ ಹತ್ತು ಅಂಕಕ್ಕೆ ಇಷ್ಟು ಅಂತ ಹಾಕಿಕೊಳ್ಳುವ ಸಲಹೆ ನನಗೆ ಆಗಿಬರಲಿಲ್ಲ. ಚೆನ್ನಾಗಿ ನಿದ್ದೆ ಬಂದ ದಿನ ಎಂಟು, ಬರದ ದಿನ ಮೂರು. ಅಳೆದದ್ದು ನಿದ್ದೆಯನ್ನೇ ಅನ್ನಿ. ಗೆಳತಿಯನ್ನು ಕೇಳಿದರೆ 'ನೀನು ಮೊದಲಿಂದಲೂ ಹೀಗೇ ಅಲ್ವಾ' ಅಂದಳು. ದಿನಾ ನೋಡುವವರಿಗೆ ಕಾಣುವುದಿಲ್ಲವೇನೋ.

ಕೆಲಸಕ್ಕೆ ಬಂದದ್ದು ಹಳೇ ಮೆಸೇಜ್ ಓದಿ ಅಂತ ಒಬ್ಬರು ಹೇಳಿದ್ದು. ಎರಡು ವರ್ಷದ ಹಿಂದೆ ಒಂದು ಕೆಲಸ ಒಪ್ಪಿಕೊಳ್ಳಲಾಗದ್ದಕ್ಕೆ ಹದಿನಾಲ್ಕು ಸಾಲು ಬರೆದಿದ್ದೇನೆ, ಅದರಲ್ಲಿ ನಾಲ್ಕು ಸಲ ಸಾರಿ, ಒಂದು ಸುಳ್ಳು ಜ್ವರ, ಕೊನೆಗೆ 'ಬೇಕಾದರೆ ಹೇಗೋ ಮಾಡಿಕೊಡ್ತೀನಿ' ಬೇರೆ! ಹೋದ ತಿಂಗಳು ಅದೇ ವ್ಯಕ್ತಿಗೆ ಬರೆದದ್ದು: 'ಈ ವಾರ ಆಗಲ್ಲ, ಮುಂದಿನ ವಾರ ನೋಡೋಣ.' ಬರೆದದ್ದೇ ನೆನಪಿರಲಿಲ್ಲ. ಕಷ್ಟವಾಗಿದ್ದರೆ ನೆನಪಿರುತ್ತಿತ್ತು.

ಹುಡುಕುವಾಗ ಇನ್ನೊಂದು ಸಿಕ್ಕಿತು. 2013ರಲ್ಲಿ ಮನಶ್ಶಾಸ್ತ್ರಜ್ಞ ಡ್ಯಾನಿಯಲ್ ಗಿಲ್ಬರ್ಟ್ ಮತ್ತು ಸಂಗಡಿಗರು 19,000ಕ್ಕೂ ಜಾಸ್ತಿ ಜನರನ್ನು ಕೇಳಿ ಪ್ರಕಟಿಸಿದ ಅಧ್ಯಯನ. ಹಿಂದಿನ ಹತ್ತು ವರ್ಷದಲ್ಲಿ ತುಂಬಾ ಬದಲಾದೆವು ಅನ್ನುವವರೂ ಮುಂದಿನ ಹತ್ತರಲ್ಲಿ ಅಷ್ಟು ಬದಲಾಗುವುದಿಲ್ಲ ಅಂದುಕೊಳ್ಳುತ್ತಾರಂತೆ.

ಫೋನಿನಲ್ಲಿ ಮಾತ್ರ ಇನ್ನೂ ತಡವರಿಸುತ್ತೇನೆ. ನಿನ್ನೆಯೂ ಸುಮ್ನೆ 'ಹೂಂ' ಅಂದುಬಿಟ್ಟೆ.