‘ಹಿಮ್ಮುಖ ಸಾಂದ್ರೀಕರಣ’: ಯಾವ ಕಡೆಗೆ ಹಿಮ್ಮುಖ?

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ಕೂತು ಗ್ಯಾಸ್ ಬಾವಿಗಳ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ರೆಟ್ರೋಗ್ರೇಡ್ ಕಂಡೆನ್ಸೇಶನ್’ ಎಂಬಲ್ಲಿ ಸಿಕ್ಕಿಬಿದ್ದೆ. ‘ಹಿಮ್ಮುಖ ಸಾಂದ್ರೀಕರಣ’ ಅಂತ ಬರೆದಿದ್ದೆ. ಓದಿದ ತಂಗಿಯ ಮಗಳು, “ಅಂದ್ರೆ ಗ್ಯಾಸ್ ವಾಪಸ್ ಹೋಗ್ತದಾ ದೊಡ್ಡಮ್ಮ?” ಅಂತ ಕೇಳಿದಳು.

ಹಾಗಲ್ಲ. ಉಲ್ಟಾ ಆಗಿರುವುದು ಒತ್ತಡದ ಲೆಕ್ಕ. ಅಡುಗೆ ಸಿಲಿಂಡರಿನಲ್ಲಿ ಒತ್ತಡ ಇಳಿದರೆ ಒಳಗಿನ ದ್ರವ ಗ್ಯಾಸಾಗುತ್ತದೆ. ಮೂಡೆ ಬೇಯಿಸುವ ಪಾತ್ರೆಯ ಮುಚ್ಚಳದಲ್ಲಿ ಹನಿ ಕೂರುವುದು ಹಬೆ ತಣಿದು. ಇಲ್ಲಿ ಎರಡೂ ಅಲ್ಲ. ಆಳದ ಬಂಡೆಯಲ್ಲಿ ಬಿಸಿ ಇದ್ದ ಹಾಗೇ ಇರುತ್ತದೆ. ಗ್ಯಾಸ್ ತೆಗೆದಂತೆ ಒತ್ತಡ ಮಾತ್ರ ಇಳಿಯುತ್ತದೆ. ಒಂದು ಮಟ್ಟ ದಾಟಿದ ಮೇಲೆ ಗ್ಯಾಸಿನೊಳಗಿದ್ದ ಭಾರದ ಅಂಶಗಳು ಹನಿಗಟ್ಟುತ್ತವೆ. ಇನ್ನೂ ಇಳಿದರೆ ಕೆಲವು ಹನಿ ಮತ್ತೆ ಆವಿಯಾಗುವುದೂ ಉಂಟು! ಡಚ್ ವಿಜ್ಞಾನಿ ಕ್ಯೂನೆನ್ ಈ ವಿಚಿತ್ರವನ್ನು 1892ರಲ್ಲೇ ವಿವರಿಸಿದ್ದ. ‘ಇಳಿಒತ್ತಡದ ಹನಿಗಟ್ಟುವಿಕೆ’ ಅಂದರೆ ಹೇಗೆ? ಉದ್ದವಾಯಿತು, ಆದರೆ ದಾರಿ ತಪ್ಪಿಸುವುದಿಲ್ಲ. ಹನಿಗಟ್ಟಲು ಶುರುವಾಗುವ ಆ ಮಟ್ಟಕ್ಕೆ ‘ಡ್ಯೂ ಪಾಯಿಂಟ್’ ಅನ್ನುತ್ತಾರೆ. ಅದಕ್ಕೆ ‘ಇಬ್ಬನಿ ಬಿಂದು’ ಬೇಡ ಅನಿಸುತ್ತದೆ. ಇಬ್ಬನಿ ಅಂದ ಕೂಡಲೇ ಚಳಿ ನೆನಪಾಗುತ್ತದೆ, ಅಲ್ವಾ?

ಗ್ಯಾಸ್ ತುಂಬಿದ ಆ ಆಳದ ಬಂಡೆಗೆ ಇಂಗ್ಲಿಷಿನಲ್ಲಿ ‘ರಿಸರ್ವಾಯರ್’. ಅದಕ್ಕೆ ‘ಜಲಾಶಯ’ ಅಂದರೆ ನಗೆಪಾಟಲು. ‘ಸಂಗ್ರಹಾಗಾರ’ ನಮ್ಮ ಪಾದೂರಿನ ಕಚ್ಚಾತೈಲದ ಗುಹೆಗೆ ಸರಿ, ಅದು ಬಂಡೆ ಕೊರೆದು ಮಾಡಿದ ಟ್ಯಾಂಕಿ. ಇದು ಹಾಗಲ್ಲ. ನಮ್ಮ ಕಡೆಯ ತೂತುತೂತಾದ ಕೆಂಪು ಮುರಕಲ್ಲನ್ನು ನೆನೆಸಿಕೊಳ್ಳಿ, ಇಲ್ಲಿ ತೂತು ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣದು. ಸದ್ಯಕ್ಕೆ ‘ನಿಕ್ಷೇಪ’ ಅಂತ ಇಟ್ಟಿದ್ದೇನೆ.

ನಿಜವಾದ ತಲೆನೋವು ‘ಕಂಡೆನ್ಸೇಟ್ ಬ್ಯಾಂಕಿಂಗ್’. ಬ್ಯಾಂಕುಗಳು ಹುಟ್ಟಿದ ಜಿಲ್ಲೆಯವರಾದರೂ ಇದು ಆ ಬ್ಯಾಂಕ್ ಅಲ್ಲ. ಹನಿಗಳು ತೂತುಗಳಲ್ಲಿ ಅಂಟಿ ಕೂರುತ್ತವೆ. ಸಾಕಷ್ಟು ತುಂಬಿ ಒಂದಕ್ಕೊಂದು ಸೇರುವ ತನಕ ಹರಿಯುವುದಿಲ್ಲ. ಬಂಡೆಯೊಳಗೆ ಬಾವಿಯ ಬುಡದ ಸುತ್ತ ಒತ್ತಡ ಎಲ್ಲಕ್ಕಿಂತ ಕಡಿಮೆ, ಹಾಗಾಗಿ ಹನಿ ಅಲ್ಲೇ ಜಾಸ್ತಿ. ಕೊನೆಗೆ ಗ್ಯಾಸಿಗೇ ದಾರಿ ಇಕ್ಕಟ್ಟಾಗುತ್ತದೆ. ಸುಮಾತ್ರಾದ ಅರುಣ್ ನಿಕ್ಷೇಪದಲ್ಲಿ ಗ್ಯಾಸಿನಿಂದ ಇಳಿಯುತ್ತಿದ್ದ ದ್ರವ ಶೇ. 1ರ ಆಸುಪಾಸು. ಅಷ್ಟಕ್ಕೇ ಕೆಲವು ಬಾವಿಗಳ ಇಳುವರಿ ಸುಮಾರು ಅರ್ಧಕ್ಕೆ ಬಿತ್ತು.

ಮಳೆ ನಿಂತ ಮೇಲೆ ತೋಟದವರು ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು ಹಾಕಿ ‘ಕಟ್ಟ’ ಕಟ್ಟುತ್ತಾರಲ್ಲ, ಇದಕ್ಕೂ ‘ಹನಿಕಟ್ಟ’ ಅನ್ನಬಹುದೇ? ನನಗಂತೂ ಇಷ್ಟವಾಗಿದೆ. ಘಟ್ಟದ ಮೇಲಿನವರೇ ಹೇಳಬೇಕು: ನಿಮ್ಮಲ್ಲಿ ‘ಕಟ್ಟ’ ಅಂದರೆ ಅರ್ಥ ಆಗ್ತದಾ?