ಐಟಿಸಿ 4001 ಲೇಸರ್ ಕಂಟ್ರೋಲರ್, ಉಬುಂಟು, ಪೈಥಾನ್: ಮಾಡಿದವರ ಅನುಭವ

ಪ್ರಶ್ನೆ: ನಮ್ಮ ಲ್ಯಾಬಿನಲ್ಲಿ ಥಾರ್‌ಲ್ಯಾಬ್ಸ್ ಐಟಿಸಿ 4001 ಇದೆ. ಲೇಸರ್ ಡಯೋಡಿನ ಕರೆಂಟು, ಟೆಂಪರೇಚರ್ ಎರಡನ್ನೂ ಪೈಥಾನ್‌ನಿಂದ ನಡೆಸಬೇಕು. ಯುಎಸ್‌ಬಿ ಹಾಕಿದ್ದೇನೆ, ಪೈವಿಸಾ (ಲ್ಯಾಬ್ ಸಾಧನಗಳ ಜೊತೆ ಮಾತಾಡುವ ಪೈಥಾನ್ ಲೈಬ್ರರಿ) ಪಟ್ಟಿಯಲ್ಲಿ ಏನೂ ಬರ್ತಿಲ್ಲ. ಯಾವ ಡ್ರೈವರ್ ಹಾಕಬೇಕು?

ಉತ್ತರ: ಬೇರೆ ಡ್ರೈವರ್ ಹುಡುಕಬೇಡಿ. ಇದು ಯುಎಸ್‌ಬಿಟಿಎಂಸಿ ಸಾಧನ, ಅಂದರೆ ಅಳತೆ ಉಪಕರಣಗಳಿಗೆಂದೇ ಇರುವ ಯುಎಸ್‌ಬಿ ಮಾನದಂಡದಲ್ಲಿ ಮಾತಾಡುವಂಥದ್ದು. ಎಷ್ಟೋ ಆಸಿಲೋಸ್ಕೋಪುಗಳೂ ಹೀಗೇ ಮಾತಾಡುತ್ತವೆ. ಬಹುಶಃ ನಿಮ್ಮನ್ನು ತಡೆದಿರುವುದು ಪರ್ಮಿಷನ್. ಮೊದಲು ಟರ್ಮಿನಲ್ಲಿನಲ್ಲಿ ಎಲ್‌ಎಸ್‌ಯುಎಸ್‌ಬಿ (ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸುವ ಕಮಾಂಡ್) ಕೊಟ್ಟು ನೋಡಿ. 1313 ಅನ್ನೋ ವೆಂಡರ್ ನಂಬರ್ ಕಂಡರೆ ಕೇಬಲ್ ಸರಿ ಇದೆ. ಪೈವಿಸಾದ ಹಿಂದೆ ಪೈವಿಸಾ-ಪೈ ಬಳಸುತ್ತಿದ್ದರೆ ಪೈಯುಎಸ್‌ಬಿ ಎಂಬ ಪೈಥಾನ್ ಲೈಬ್ರರಿ ಕೂಡ ಬೇಕು, ಇಲ್ಲದಿದ್ದರೆ ಯುಎಸ್‌ಬಿ ಸಾಧನ ಪಟ್ಟಿಗೇ ಬರುವುದಿಲ್ಲ. ಅದೂ ಇದ್ದು, ಸುಡೋದಲ್ಲಿ (ಅಡ್ಮಿನ್ ಹಕ್ಕಿನಲ್ಲಿ) ಮಾತ್ರ ಕಾಣುತ್ತಿದ್ದರೆ ಆ 1313ಕ್ಕೆ ಒಂದು ಯುಡೆವ್ ರೂಲ್ (ಯಾವ ಸಾಧನವನ್ನು ಯಾರು ಬಳಸಬಹುದು ಅಂತ ಲಿನಕ್ಸಿಗೆ ಹೇಳುವ ಸಾಲು) ಬರೆದು ನಿಮ್ಮ ಗ್ರೂಪಿಗೆ ಹಕ್ಕು ಕೊಡಿ. ರೂಲ್ ರೀಲೋಡ್ ಮಾಡಿ ಕೇಬಲ್ ಕಿತ್ತು ಮತ್ತೆ ಹಾಕಿ. ದಿನಾ ಸುಡೋದಲ್ಲಿ ಓಡಿಸುವ ಅಭ್ಯಾಸ ಬೇಡ. ಆಮೇಲೆ ‘ನೀನು ಯಾರು’ ಅಂತ ಕೇಳುವ *ಐಡಿಎನ್? ಕಮಾಂಡ್ ಕಳಿಸಿ. ಮಾಡೆಲ್ ಹೆಸರು, ಸೀರಿಯಲ್ ನಂಬರ್ ವಾಪಸ್ ಬಂದರೆ ಡ್ರೈವರಿನ ಕೆಲಸ ಮುಗಿಯಿತು.

ಉತ್ತರ: ಡ್ರೈವರಿಗಿಂತ ಡಯೋಡಿನ ಬಗ್ಗೆ ನನಗೆ ಜಾಸ್ತಿ ಕಾಳಜಿ. ಈ ಕಂಟ್ರೋಲರ್ 1 ಆಂಪಿಯರ್ ತನಕ ಕೊಡುತ್ತದೆ. ಸಣ್ಣ ಡಯೋಡಿಗೆ ಅಷ್ಟು ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು. ಕಮಾಂಡಿನಲ್ಲಿ ಕರೆಂಟು ಬರೆಯುವುದು ಆಂಪಿಯರ್‌ನಲ್ಲಿ, ಮಿಲಿಆಂಪಿಯರ್‌ನಲ್ಲಿ ಅಲ್ಲ. 0.08 ಬದಲು 0.8 ಬಿದ್ದರೆ ಪೈಥಾನ್ ಏನೂ ಹೇಳುವುದಿಲ್ಲ, ಅಲ್ವಾ? ಅದಕ್ಕೇ ಡೇಟಾಶೀಟ್ ನೋಡಿ ಕರೆಂಟ್ ಲಿಮಿಟನ್ನು ಮುಂಭಾಗದ ಪ್ಯಾನೆಲ್‌ನಲ್ಲೇ ಇಟ್ಟುಬಿಡಿ. ಸ್ಕ್ರಿಪ್ಟು ಆ ಲಿಮಿಟನ್ನು ಮುಟ್ಟದಿರಲಿ. ಮೊದಮೊದಲು ಡಯೋಡ್ ತೆಗೆದು ಡಮ್ಮಿ ಲೋಡ್ (ಡಯೋಡಿನ ಬದಲಿಗೆ ಕರೆಂಟು ತಗೊಳ್ಳುವ ಭಾಗ) ಹಾಕಿ ನೋಡುವುದು ಒಳ್ಳೆಯದು.

ಟೆಂಪರೇಚರ್ ಕಂಟ್ರೋಲ್ ಮೊದಲು ಆನ್ ಆಗಿ ನೆಲೆ ನಿಲ್ಲಲಿ. ಆಮೇಲೆ ಸೊನ್ನೆ ಕರೆಂಟಿನಲ್ಲಿ ಲೇಸರ್ ಆನ್, ನಂತರ ನಿಧಾನಕ್ಕೆ ಏರಿಸಿ. ಆಫ್ ಮಾಡುವಾಗ ಇದರ ಉಲ್ಟಾ. ಆಫ್ ಮಾಡುವ ಈ ಕ್ರಮವನ್ನು ಪೈಥಾನಿನ ಫೈನಲಿ ಬ್ಲಾಕಿನಲ್ಲಿ (ಎರರ್ ಬಂದರೂ ಕೊನೆಗೆ ಓಡುವ ಭಾಗ) ಬರೆಯಿರಿ. ಆದರೆ ಕಂಪ್ಯೂಟರೇ ಹ್ಯಾಂಗ್ ಆದರೆ ಆ ಬ್ಲಾಕ್ ಓಡುವುದಿಲ್ಲ, ಕಂಟ್ರೋಲರ್ ಕೊನೆಯ ಸೆಟ್ಟಿಂಗಿನಲ್ಲೇ ಕರೆಂಟು ಕೊಡುತ್ತಾ ಇರುತ್ತದೆ, ಲೇಸರ್ ಉರಿಯುತ್ತಲೇ ಇರುತ್ತದೆ. ಸಾಫ್ಟ್‌ವೇರ್ ಬಂತು ಅಂತ ಇಂಟರ್‌ಲಾಕನ್ನು (ತೆರೆದರೆ ಲೇಸರ್ ಆಫ್ ಮಾಡುವ ಸುರಕ್ಷತಾ ಸರ್ಕ್ಯೂಟ್) ಸುಮ್ನೆ ಶಾರ್ಟ್ ಮಾಡಿ ಬಿಡಬೇಡಿ. ಅದು ಬಾಗಿಲಿಗೋ ಎಮರ್ಜೆನ್ಸಿ ಸ್ವಿಚ್ಚಿಗೋ ಸೇರಿರಲಿ. ಕಣ್ಣಿನ ವಿಷಯ ಇದು.

ಉತ್ತರ: ಇನ್ನೊಂದು. ಟೆಂಪರೇಚರ್ ಲಾಗ್ ಮಾಡಲು ಒಂದು ಸ್ಕ್ರಿಪ್ಟ್, ಸ್ಕ್ಯಾನಿಗೆ ಇನ್ನೊಂದು ಅಂತ ಬರೆದು ಒಟ್ಟಿಗೆ ಓಡಿಸಿದರೆ ಎರಡನೆಯದಕ್ಕೆ ‘ಬ್ಯುಸಿ’ ಎರರ್ ಬರುತ್ತದೆ. ಸಾಧನವನ್ನು ಒಂದೇ ಪ್ರೋಗ್ರಾಂ ಹಿಡಿದಿರಲಿ, ಉಳಿದವು ಅದನ್ನೇ ಕೇಳಲಿ.