ಪಿಎಚ್‌ಡಿ ಡೇಟಾ ಓಪನ್ ಮಾಡ್ಬೋದಾ, ದೇಶದ ಸೆಕ್ಯುರಿಟಿ ಅಂತ ಮುಚ್ಚಿಡ್ಬೇಕಾ? ಗೊತ್ತಿರೋರು ಹೇಳಿ

ಕೆರೆಏರಿ_ಹುಡುಗಿ:
ಎಲ್ರಿಗೂ ನಮಸ್ಕಾರ. ಮೈಸೂರಲ್ಲಿ ಪಿಎಚ್‌ಡಿ ಮಾಡ್ತಿದೀನಿ, ಮೂರನೇ ವರ್ಷ, ಊರು ಶ್ರೀರಂಗಪಟ್ಟಣ ತಾಲೂಕು. ಟಾಪಿಕ್ಕು ಅಂತರ್ಜಲ. ನೂರು ಚಿಲ್ರೆ ಬೋರ್‌ವೆಲ್ ನೀರು ಮಳೆಗಾಲಕ್ಕೆ ಮುಂಚೆ ಒಂದ್ಸಲ ಆದ್ಮೇಲೆ ಒಂದ್ಸಲ ತಂದು ಫ್ಲೋರೈಡು ನೈಟ್ರೇಟು ನೋಡಿದೀನಿ, ಜೊತೆಗೆ ಒಂದಷ್ಟು ಕೆರೆ ಮೇಲೆ ಡ್ರೋನ್ ಹಾರ್ಸಿ ಏರಿ, ತೂಬು, ಕೋಡಿ, ಹೂಳು ಎಲ್ಲಾ ಮ್ಯಾಪ್ ಮಾಡಿದೀವಿ.

ಪೇಪರ್ ಕಳ್ಸಿದ್ವಿ, ಜರ್ನಲ್‌ನೋರು ರಾ ಡೇಟಾನ ಎಲ್ರಿಗೂ ಸಿಗೋ ತರ ಆನ್‌ಲೈನ್ ಹಾಕಿ ಆಮೇಲೆ ಮುಂದಿನ ಮಾತು ಅಂದ್ರು. ಗೈಡ್ ಕೂಡ ಸರಿ ಅಂದಿದ್ರು. ಆದ್ರೆ ಕಮಿಟಿಲಿ ಒಬ್ರು ಹಿರಿಯರು "ನಿನ್ನ ಏರಿಯಾಲಿ ಮಾರ್ಲಗಲ್ಲ ಬರುತ್ತೆ, ಲಿಥಿಯಂ ಇರೋ ಜಾಗ, ಹೊರದೇಶದ ಸರ್ವರ್‌ಗೆ ಹಾಕಂಗಿಲ್ಲ, ನ್ಯಾಷನಲ್ ಸೆಕ್ಯುರಿಟಿ" ಅಂದ್ಬಿಟ್ರು. ಅವತ್ತಿಂದ ನಾಲ್ಕು ತಿಂಗ್ಳು ಎಲ್ಲಾ ನಿಂತಿದೆ. ಯಾವ ರೂಲು ಅಂತ ಕೇಳಿದ್ರೆ ಯಾರೂ ಬರೆದು ಕೊಡಲ್ಲ, ಊರಿನೋರಿಗೂ ರಿಪೋರ್ಟ್ ಕೊಡ್ಬೇಡ ಅಂದವ್ರೆ.

ನನಗೆ ಸಂಕಟ ಆಗಿರೋದು ಅಲ್ಲೇ. ನೀರು ತುಂಬ್ಕೊಳಕ್ಕೆ ಹೋದಾಗೆಲ್ಲಾ ಒಬ್ಬ ಅಜ್ಜಿ "ನಮ್ ಬೋರ್ ನೀರು ಕುಡಿಯಕ್ಕಾಯ್ತದಾ ಇಲ್ವಾ ಹೇಳವ್ವ" ಅಂತ ಕೇಳೋರು, ಹೇಳ್ತೀನಿ ಅಂತ ಮಾತು ಕೊಟ್ಟಿದೀನಿ. ಹಂಗಂತ ದೇಶಕ್ಕೆ ತೊಂದ್ರೆ ಆಗೋ ಕೆಲಸ ನಾನು ಮಾಡಲ್ಲ, ನಮ್ಮ ಚಿಕ್ಕಪ್ಪ ಮಿಲಿಟರಿಲಿದ್ದು ಬಂದೋರು. ಎಲ್ಲಿ ಗೆರೆ ಎಳೀಬೇಕು ಅನ್ನೋದೇ ಗೊತ್ತಾಗ್ತಿಲ್ಲ.

ಕಲ್ಲು_ಮಣ್ಣು_ಮೇಷ್ಟ್ರು:
ನೋಡಮ್ಮ, ಮೂವತ್ತು ವರ್ಷ ಜಿಯಾಲಜಿ ಪಾಠ ಮಾಡಿ ರಿಟೈರ್ ಆಗಿ ಕುವೆಂಪುನಗರದಲ್ಲಿದೀನಿ. ಮೊದಲು ಲಿಥಿಯಂ ವಿಷಯ. ಮಾರ್ಲಗಲ್ಲ-ಅಲ್ಲಾಪಟ್ಟಣದ ಪೆಗ್ಮಟೈಟ್ ಕಲ್ಲಲ್ಲಿ 1,600 ಟನ್ ಲಿಥಿಯಂ ಇರಬಹುದು ಅಂತ ಪ್ರಾಥಮಿಕ ಅಂದಾಜನ್ನ 2021ರಲ್ಲಿ ಕೇಂದ್ರ ಸರ್ಕಾರವೇ ಸಂಸತ್ತಲ್ಲಿ ಉತ್ತರವಾಗಿ ಕೊಟ್ಟಿದೆ, ಎಲ್ಲಾ ಪೇಪರಲ್ಲೂ ಬಂತು. ಆಗ ಲಿಥಿಯಂ ಅಣು ಖನಿಜದ ಪಟ್ಟಿಲಿತ್ತು. 2023ರಲ್ಲಿ ಗಣಿ ಕಾಯ್ದೆ ತಿದ್ದುಪಡಿ ಮಾಡಿ ಆ ಪಟ್ಟಿಯಿಂದಾನೇ ತೆಗೆದ್ರು, ಖಾಸಗಿಯವ್ರೂ ಹುಡುಕಲಿ ಅಂತ. ಹಾಗಿರುವಾಗ ನಿನ್ನ ಬೋರ್‌ವೆಲ್ ಫ್ಲೋರೈಡ್ ಲೆಕ್ಕದಿಂದ ಯಾವ ಗುಟ್ಟು ಹೊರಗೆ ಹೋಗುತ್ತೆ?

ಆ ಹಿರಿಯರ ಮೇಲೆ ಸಿಟ್ಟಾಗಬೇಡ, ನಮ್ಮ ಕಾಲದೋರಿಗೆ ಆ ಭಯ ಮೈಗೆ ಹತ್ತಿದೆ. ಟೋಪೋಶೀಟು, ಅಂದ್ರೆ ಸರ್ಕಾರದ ಸರ್ವೆ ನಕ್ಷೆ, ಅದು ಅಂದ್ರೆ ಬೀರುವಿಗೆ ಬೀಗ, ರಿಜಿಸ್ಟರಲ್ಲಿ ಸೈನು, ಸಂಜೆ ಐದಕ್ಕೆ ವಾಪಸ್ಸು. ಗಡಿಗೂ ಕರಾವಳಿಗೂ ಸಂಬಂಧವೇ ಇಲ್ಲದ ಒಂದು ಹಳ್ಳದ ನಕ್ಷೆ ಥೀಸಿಸ್‌ಗೆ ಹಾಕಕ್ಕೆ ನನ್ನ ಸ್ಟೂಡೆಂಟ್ ಒಬ್ಬ ಎಂಟು ತಿಂಗಳು ಕಾದಿದ್ದಾನೆ. 2005ರ ಮ್ಯಾಪ್ ಪಾಲಿಸಿಲಿ ರಕ್ಷಣೆಗೊಂದು ಸರಣಿ, ಜನರಿಗೊಂದು ಸರಣಿ ಅಂತ ಬೇರೆ ಬೇರೆ ಮಾಡಿದ ಮೇಲೆ ಸ್ವಲ್ಪ ಉಸಿರಾಡಿದ್ವಿ. ರೂಲು ಬದಲಾಗಿದೆ, ಅಭ್ಯಾಸ ಬದಲಾಗಿಲ್ಲ, ಅಷ್ಟೇ.

ಜಿಐಎಸ್_ಮಂಡ್ಯ:
ಅಕ್ಕ ನಾನು ಮ್ಯಾಪಿಂಗ್ ಕೆಲಸದಲ್ಲೇ ಇರೋದು. ಮೇಷ್ಟ್ರು ಹೇಳಿದ್ದು ಸರಿ ಆದ್ರೆ ನಿಮ್ಮ ಡೇಟಾ ಒಂದೇ ತರದ್ದಲ್ಲ, ಎರಡು ಇದೆ, ಅದನ್ನ ಬೇರೆ ಮಾಡಿ ನೋಡಿ. 2021ರ ಫೆಬ್ರವರಿ 15ಕ್ಕೆ ವಿಜ್ಞಾನ ತಂತ್ರಜ್ಞಾನ ಇಲಾಖೆ ಹೊಸ ಗೈಡ್‌ಲೈನ್ ಬಿಡ್ತು, ಭಾರತದ ಸಂಸ್ಥೆಗಳು ಮ್ಯಾಪ್ ಮಾಡಕ್ಕೂ ಪಬ್ಲಿಶ್ ಮಾಡಕ್ಕೂ ಮುಂಚೆ ಪರ್ಮಿಷನ್ ತಗೊಳೋದು ಬೇಡ, ರೂಲ್ ಪಾಲಿಸಿದೀವಿ ಅಂತ ನಾವೇ ಸರ್ಟಿಫೈ ಮಾಡ್ಕೊಂಡ್ರೆ ಸಾಕು ಅಂತ. ಆದ್ರೆ ಒಂದು ಮಿತಿ ಇಟ್ಟವ್ರೆ. ಅಡ್ಡಡ್ಡ ಅಳತೆ 1 ಮೀಟರ್‌ಗಿಂತ ನಿಖರ ಇದ್ರೆ ಅಥವಾ ಎತ್ತರ 3 ಮೀಟರ್‌ಗಿಂತ ನಿಖರ ಇದ್ರೆ ಆ ಡೇಟಾ ಭಾರತದ ಸಂಸ್ಥೆ ಹತ್ರಾನೇ ಇರ್ಬೇಕು, ಭಾರತದ ಒಳಗಿನ ಸರ್ವರಲ್ಲೇ ಇರ್ಬೇಕು.

ಈಗ ನೋಡಿ, ಬೋರ್‌ವೆಲ್ ಲೊಕೇಶನ್ ಕೈಲಿ ಹಿಡಿಯೋ ಜಿಪಿಎಸ್‌ನಲ್ಲಿ ತಗೊಂಡಿರ್ತೀರ, ಅದು ಮೂರು ಐದು ಮೀಟರ್ ಆಕಡೆ ಈಕಡೆ ಇರುತ್ತೆ, ಅಷ್ಟು ನಿಖರ ಅಲ್ಲ, ಹಂಗಾಗಿ ಈ ನಿರ್ಬಂಧ ಅದಕ್ಕೆ ಬರಲ್ಲ. ಡ್ರೋನ್ ಮ್ಯಾಪ್ ಹಂಗಲ್ಲ, ನೆಲದಲ್ಲಿ ಪಾಯಿಂಟ್ ಇಟ್ಟು ಸರಿ ಮಾಡಿದ್ರೆ ಸೆಂಟಿಮೀಟರ್ ಲೆಕ್ಕ, ಏರಿ ಎತ್ತರ ಎಲ್ಲಾ ಕರೆಕ್ಟಾಗಿ ಬಂದ್ಬಿಡುತ್ತೆ. ಅದನ್ನ ಹೊರದೇಶದ ಸರ್ವರ್‌ಗೆ ಹಂಗೇ ಹಾಕ್ಬೇಡಿ, ಸಂಶೋಧಕರು ಡೇಟಾ ಹಾಕೋ ಜೆನೋಡೊ ವೆಬ್‌ಸೈಟ್ ಆದ್ರೂ ಅದು ಜಿನೀವಾ ಕಡೆಯ ಸರ್ನ್ ಸಂಶೋಧನಾ ಸಂಸ್ಥೆಯವ್ರದ್ದು. ನೀರಿನ ಟೇಬಲ್ ಹಾಕಿ, ಕೆರೆದು ಹೂಳಿನ ಲೆಕ್ಕ ಮಾತ್ರ ಕೊಡಿ, ಪೂರ್ತಿ ಮ್ಯಾಪ್ ಯೂನಿವರ್ಸಿಟಿ ಸರ್ವರಲ್ಲಿಟ್ಟು ಕೇಳಿದ ಭಾರತದ ಸಂಶೋಧಕರಿಗೆ ಕೊಡ್ತೀವಿ ಅಂತ ಪೇಪರಲ್ಲೇ ಬರೀರಿ. ಜರ್ನಲ್‌ನೋರು ಕಾನೂನಿನ ಕಾರಣ ಹೇಳಿದ್ರೆ ಸಾಮಾನ್ಯವಾಗಿ ಒಪ್ತಾರೆ. ಇನ್ನೊಂದು ಸಲ ಕೆಆರ್‌ಎಸ್ ಆಸುಪಾಸು ಹಾರಿಸೋದಿದ್ರೆ ಡ್ರೋನ್ ಎಲ್ಲಿ ಹಾರಿಸ್ಬೋದು ಅಂತ ತೋರ್ಸೋ ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪಲ್ಲಿ ಹಸಿರು ಹಳದಿ ಕೆಂಪು ಯಾವ ವಲಯ ಅಂತ ನೋಡ್ಕೊಂಡೇ ಹಾರ್ಸಿ.

ಮಾಜಿ_ಸುಬೇದಾರ್:
ತಂಗಿ, ನಾನು ಮದ್ದೂರು ಕಡೆಯವನು. ನಿಮ್ಮ ಕಮಿಟಿಯವ್ರ ಪರವಾಗೂ ಒಂದು ಮಾತು ಹೇಳ್ಲೇಬೇಕು. ಒಂದೊಂದೇ ನೋಡಿದ್ರೆ ಏನೂ ಅಲ್ಲ ಅನ್ಸೋ ಮಾಹಿತಿ ಒಟ್ಟಿಗೆ ಸೇರಿದ್ರೆ ಬೇರೆ ಆಗುತ್ತೆ. ಸ್ಟ್ರಾವಾ ಅಂತ ಓಡೋರ ಆ್ಯಪ್ ಇದೆಯಲ್ಲ, ಅವರು ಎಲ್ರ ಓಟದ ದಾರಿ ಸೇರ್ಸಿ ಒಂದು ಮ್ಯಾಪ್ ಬಿಟ್ರು, 2018ರ ಜನವರಿಲಿ ಒಬ್ಬ ಕಾಲೇಜು ಹುಡುಗ ನೋಡಿ ಹೇಳ್ದ, ಮರುಭೂಮಿ ಮಧ್ಯೆ ಸೈನಿಕರ ಕ್ಯಾಂಪ್ ಎಲ್ಲಾ ಹೊಳೀತಾ ಕಾಣ್ತಿತ್ತು. ಯಾರೂ ಗುಟ್ಟು ಮಾರಲಿಲ್ಲ, ಬೆಳಗ್ಗೆ ಎದ್ದು ಓಡಿದ್ರು ಅಷ್ಟೇ. ತೂಬು, ಕೋಡಿ, ಏರಿ ಎಲ್ಲಿ ಸೋರ್ತಿದೆ ಅನ್ನೋದು ಇಂಚು ಇಂಚಾಗಿ ಹೊರಗೆ ಹೋಗ್ಬಾರ್ದು ಅನ್ನೋದು ನನ್ನ ಅಭಿಪ್ರಾಯ.

2005ರ ಡಿಸೆಂಬರ್ 28 ನೂ ಮರೀಬೇಡಿ, ಬೆಂಗಳೂರಿನ ಐಐಎಸ್‌ಸಿಲಿ ಕಾನ್ಫರೆನ್ಸ್ ಮುಗ್ಸಿ ಹೊರಗೆ ಬರ್ತಿದ್ದೋರ ಮೇಲೆ ಗುಂಡು ಹಾರ್ಸಿದ್ರು, ದೆಹಲಿ ಐಐಟಿಯ ಪ್ರೊಫೆಸರ್ ಎಂ.ಸಿ. ಪುರಿ ತೀರ್ಕೊಂಡ್ರು. ವಿದ್ಯೆಯ ಜಾಗಕ್ಕೆ ಯಾರು ಬರ್ತಾರೆ ಅನ್ನೋ ಭಯಕ್ಕೂ ಕಾರಣ ಇದೆ.

ಆದ್ರೆ ಊರಿನೋರಿಗೆ ಅವರದೇ ನೀರಿನ ರಿಪೋರ್ಟ್ ಕೊಡ್ಬೇಡ ಅನ್ನೋದು ತಪ್ಪು, ಸಾರಾಸಗಟಾಗಿ ತಪ್ಪು. ಮೈಸೂರು ಸಿದ್ಧಾರ್ಥನಗರದ ಡಿಎಫ್‌ಆರ್‌ಎಲ್, ಸೈನಿಕರ ಊಟದ ಮೇಲೆ ಸಂಶೋಧನೆ ಮಾಡೋದು, ರಕ್ಷಣಾ ಲ್ಯಾಬೇ ತಾನೆ, 1961ರಿಂದ ಇದೆ, ನಾವು ಗಡಿಲಿ ತಿಂದ ಪ್ಯಾಕೆಟ್ ಊಟ ಅವ್ರದ್ದು, ಅದೇ ಟೆಕ್ನಾಲಜಿನ ಖಾಸಗಿ ಕಂಪನಿಗಳಿಗೂ ಕೊಟ್ಟವ್ರೆ. ಬೀಗ ಹಾಕೋದು ಯಾವ್ದು, ಹಂಚೋದು ಯಾವ್ದು ಅಂತ ರಕ್ಷಣೆಯವ್ರೇ ಕೂತು ಬೇರೆ ಮಾಡ್ತಾರೆ, ಕಾಲೇಜಿನೋರು ಯಾಕೆ ಮಾಡಕ್ಕಾಗಲ್ಲ.

ಲೆಕ್ಚರರ್_ಮಂಡ್ಯ:
ಸುಬೇದಾರ್ ಸರ್ ಕೊನೇ ಮಾತು ನೂರಕ್ಕೆ ನೂರು ಒಪ್ತೀನಿ. ಐಐಎಸ್‌ಸಿ ಘಟನೆ ಮಾತ್ರ ಬೇರೆ ಸರ್, ಅದಕ್ಕೆ ಗೇಟಲ್ಲಿ ಕಾವಲು ಬೇಕು, ಪೇಪರ್ ತಡೆದ್ರೆ ಗುಂಡು ನಿಲ್ಲಲ್ಲ.

ನನಗೆ ಭಯ ಆಗೋದು ಬರೆಯದೇ ಇರೋ ರೂಲುಗಳದ್ದು. 2021ರ ಜನವರಿಲಿ ಒಂದು ಆದೇಶ ಬಂತು, ದೇಶದ ಭದ್ರತೆ, ಗಡಿ, ಮತ್ತೆ "ಆಂತರಿಕ ವಿಷಯ" ಇರೋ ಆನ್‌ಲೈನ್ ಅಂತರರಾಷ್ಟ್ರೀಯ ಸೆಮಿನಾರ್‌ಗೆ ಸರ್ಕಾರಿ ಸಂಸ್ಥೆಗಳು, ಯೂನಿವರ್ಸಿಟಿಗಳು ಮುಂಚೆ ಅನುಮತಿ ತಗೋಬೇಕು ಅಂತ. ಆಂತರಿಕ ವಿಷಯ ಅಂದ್ರೆ ಏನು? ಬರ ಕೂಡ ಆಂತರಿಕ ವಿಷಯಾನೇ. ನಾವು ಆಗ ಕಾವೇರಿ ಕೊಳ್ಳದ ಬೆಳೆ ಬಗ್ಗೆ ವೆಬಿನಾರ್ ಇಟ್ಕೊಂಡಿದ್ವಿ, ಯಾರೂ ಬೇಡ ಅನ್ನಲಿಲ್ಲ, ನಾವೇ ಹೆದರಿ ಕ್ಯಾನ್ಸಲ್ ಮಾಡಿದ್ವಿ, ಇವತ್ತಿಗೂ ಬೇಜಾರಿದೆ. ವಿಜ್ಞಾನ ಅಕಾಡೆಮಿಯವ್ರು ವಿರೋಧ ಮಾಡಿದ್ಮೇಲೆ ಫೆಬ್ರವರಿಲೇ ಆ ಆದೇಶ ವಾಪಸ್ ತಗೊಂಡ್ರು.

ಅಮೆರಿಕದಲ್ಲಿ 1985ರಲ್ಲಿ, ಸೋವಿಯತ್ ಭಯ ಜೋರಾಗಿದ್ದಾಗ್ಲೇ, ರೇಗನ್ ಸರ್ಕಾರ ಎನ್‌ಎಸ್‌ಡಿಡಿ 189 ಅಂತ ಒಂದು ನಿರ್ದೇಶನ ಮಾಡ್ತು. ಮೂಲ ಸಂಶೋಧನೆ ಆದಷ್ಟೂ ಮುಕ್ತವಾಗಿರ್ಬೇಕು, ತಡೀಲೇಬೇಕು ಅಂದ್ರೆ ಅದನ್ನ ಗುಪ್ತ ಅಂತ ಅಧಿಕೃತವಾಗಿ ಘೋಷಿಸಿ ತಡೀರಿ ಅಂತ. ಸೈನ್ಯಕ್ಕೂ ಬಳಸ್ಬೋದಾದ ವಸ್ತು, ತಂತ್ರಜ್ಞಾನ ಹೊರದೇಶಕ್ಕೆ ಕಳ್ಸೋದನ್ನ ನಿಯಂತ್ರಿಸೋ ನಮ್ಮ ಸ್ಕೋಮೆಟ್ ರಫ್ತು ಪಟ್ಟಿಲೂ ಮೂಲ ಸಂಶೋಧನೆಗೆ, ಈಗಾಗ್ಲೇ ಎಲ್ರಿಗೂ ಸಿಗೋ ಮಾಹಿತಿಗೆ ವಿನಾಯ್ತಿ ಇದೆ. ಅಂದ್ರೆ ಮುಚ್ಚೋರು ಕಾರಣ ಬರೆದು ಸೈನ್ ಹಾಕ್ಬೇಕು. ನೀವು ನಿಮ್ಮ ಟೇಬಲ್‌ನ ಒಂದೊಂದು ಕಾಲಂ ಪಟ್ಟಿ ಮಾಡಿ, ಯಾವುದಕ್ಕೆ ಯಾವ ರೂಲಲ್ಲಿ ತಕರಾರು ಅಂತ ಎದುರಿಗೇ ಒಂದು ಖಾಲಿ ಜಾಗ ಬಿಟ್ಟು, ಗೈಡ್ ಮೂಲಕ ಕಮಿಟಿಗೆ ಪತ್ರ ಕೊಡಿ.

ಕೆರೆಏರಿ_ಹುಡುಗಿ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಲೇಟಾಗಿ ಬರೀತಿದೀನಿ, ಕ್ಷಮಿಸಿ. ಎರಡು ಫೋಲ್ಡರ್ ಮಾಡಿದೆ, ಒಂದು ನೀರಿಂದು, ಒಂದು ಡ್ರೋನಿಂದು. ಡ್ರೋನ್ ಫೋಲ್ಡರ್ ಇಲ್ಲೇ ಇರುತ್ತೆ, ಸುಬೇದಾರ್ ಸರ್ ಹೇಳಿದ್ದು ಓದಿ ನಂಗೂ ಅದೇ ಸರಿ ಅನ್ನಿಸ್ತು, ಏರಿ ಸೋರೋ ಜಾಗದ ಫೋಟೋ ಪೇಪರಿಂದಾನೂ ತೆಗೆದೆ. ಕಾಲಂ ಪಟ್ಟಿ ಪತ್ರ ಸೋಮವಾರ ಕೊಟ್ವಿ. ಆ ಹಿರಿಯರು ಓದಿ ನೀರಿನ ಕಾಲಂಗಳ ಮುಂದೆ ಏನೂ ಬರೀಲಿಲ್ಲ, ಡ್ರೋನ್ ಎತ್ತರದ ಮುಂದೆ ಮಾತ್ರ ಬರೆದು ಸೈನ್ ಹಾಕಿದ್ರು.

ಊರಿನೋರಿಗೆ ರಿಪೋರ್ಟ್ ಕೊಡಕ್ಕೆ ಗೈಡ್ ಒಪ್ಪಿದಾರೆ. ಭಾನುವಾರ ಹೋಗ್ತಿದೀನಿ, ಮೊದಲು ಆ ಅಜ್ಜಿ ಮನೆಗೆ. ಅವರ ಬೋರಲ್ಲಿ ಫ್ಲೋರೈಡ್ ಲೀಟರ್‌ಗೆ 1.5 ಮಿಲಿಗ್ರಾಂ ಮಿತಿ ದಾಟಿದೆ, ನಾಲ್ಕು ತಿಂಗಳಿಂದ ನನ್ನ ಲ್ಯಾಪ್‌ಟಾಪಲ್ಲಿತ್ತು ಆ ನಂಬರು, ಅವರು ಅದೇ ನೀರು ಕುಡೀತಿದ್ರು.